46 ವರ್ಷ ಸುಮ್ಮನಿದ್ದ ಸಂಗೀತ: ಡೆನ್ಮಾರ್ಕ್‌ನ ರೂಡ್ ಲಾಂಗೋರ್ ಪ್ರಕರಣ

1922ರಲ್ಲಿ ಬರ್ಲಿನ್‌ನಲ್ಲಿ ಒಂದು ಕೃತಿ ನುಡಿಸಿದರು. ಅದೇ ಕೃತಿ ಮತ್ತೆ ಜನರ ಕಿವಿಗೆ ಬಿದ್ದದ್ದು 1968ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ನಡುವೆ 46 ವರ್ಷ ಹೋಗಿತ್ತು. ಬರೆದವರು ತೀರಿಕೊಂಡೇ 16 ವರ್ಷವಾಗಿತ್ತು.

ಆ ಕೃತಿಯ ಡ್ಯಾನಿಶ್ ಹೆಸರು ‘ಸ್ಫೇರ್ನೆಸ್ ಮುಸಿಕ್’. ‘ಆಕಾಶಗೋಳಗಳ ಸಂಗೀತ’ ಎಂದು ಕನ್ನಡದಲ್ಲಿ ಹೇಳಬಹುದು. ಬರೆದವರು ರೂಡ್ ಲಾಂಗೋರ್. ಡೆನ್ಮಾರ್ಕ್ ಅಂದ ತಕ್ಷಣ ಪಾಶ್ಚಾತ್ಯ ಸಂಗೀತ ಕೇಳುವವರ ಬಾಯಿಗೆ ಬರುವ ಹೆಸರು ಕಾರ್ಲ್ ನೀಲ್ಸನ್. ಲಾಂಗೋರ್ ಹೆಸರು ತುಂಬಾ ಜನರಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಒಂದು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಈ ಕೃತಿಯನ್ನು ಶುರುವಿಂದ ಕೊನೆವರೆಗೆ ಕೇಳಿದೆ. ಮುಗಿದ ಮೇಲೆ ಎಷ್ಟೋ ಹೊತ್ತು ಎದ್ದೇಳಲು ಮನಸ್ಸಾಗಲಿಲ್ಲ. ಇದನ್ನು ಬರೆದ ಮನುಷ್ಯ 22ರಿಂದ 25ರೊಳಗಿನ ವಯಸ್ಸಿನವನು ಅಂತ ಆಮೇಲೆ ಗೊತ್ತಾಯಿತು. ಇಂಥದ್ದನ್ನು ಒಂದು ದೇಶ ಹೇಗೆ ಕೇಳದೆ ಇದ್ದುಬಿಡುತ್ತದೆ ಅನ್ನುವ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ಈ ಬರಹ ಆ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದು. ಪ್ರತಿಭೆ ಇತ್ತು, ಶುರುವಿನಲ್ಲಿ ಅವಕಾಶವೂ ಇತ್ತು, ದುಡಿಮೆಯಂತೂ ಕೊನೆಯವರೆಗೂ ನಿಲ್ಲಲಿಲ್ಲ. 16 ಸಿಂಫನಿ (ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿ), ಒಂದು ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ), ಒಟ್ಟು 400ಕ್ಕೂ ಹೆಚ್ಚು ಕೃತಿಗಳನ್ನು ಬರೆದರು. ಇಷ್ಟಿದ್ದೂ ಬಾಗಿಲು ಮುಚ್ಚಿದ್ದು ಹೇಗೆ? ತೆರೆದದ್ದು ಯಾರು?

ಮನೆಯೇ ಶಾಲೆ

ಲಾಂಗೋರ್ ಹುಟ್ಟಿದ್ದು ಕೋಪನ್‌ಹೇಗನ್‌ನಲ್ಲಿ, 1893ರ ಜುಲೈ 28ರಂದು. ಒಬ್ಬನೇ ಮಗ. ತಂದೆ ಸೀಗ್‌ಫ್ರೀಡ್ ಲಾಂಗೋರ್ ಪಿಯಾನೊ ವಾದಕ, 19ನೇ ಶತಮಾನದ ಹೆಸರಾಂತ ಪಿಯಾನೊ ವಾದಕ ಫ್ರಾಂಜ್ ಲಿಸ್ಟ್ ಅವರ ಬಳಿ ಕಲಿತವರು. ತಾಯಿ ಎಮ್ಮಾ ಕೂಡ ಪಿಯಾನೊ ನುಡಿಸುತ್ತಿದ್ದರು. ಮನೆಯಲ್ಲಿ ಸಂಗೀತದ ಮಾತು, ದೇವರ ಮಾತು ಎರಡೂ ಒಟ್ಟಿಗೇ ನಡೆಯುತ್ತಿದ್ದವು. ಸಂಗೀತ ಅನ್ನುವುದು ಮನುಷ್ಯನನ್ನು ಇನ್ನೊಂದು ಲೋಕಕ್ಕೆ ಕರೆದೊಯ್ಯುವ ದಾರಿ ಅಂತ ತಂದೆ ನಂಬಿದ್ದರು. ಮಗ ಸಾಯುವವರೆಗೂ ಆ ನಂಬಿಕೆಯನ್ನು ಬಿಡಲಿಲ್ಲ.

1905ರಲ್ಲಿ, 11ನೇ ವಯಸ್ಸಿನಲ್ಲಿ, ಹುಡುಗ ಕೋಪನ್‌ಹೇಗನ್‌ನ ಫ್ರೆಡೆರಿಕ್ಸ್ ಚರ್ಚ್‌ನಲ್ಲಿ ಆರ್ಗನ್ ನುಡಿಸಿದ. ಬರೆದಿಟ್ಟದ್ದನ್ನು ನೋಡಿ ನುಡಿಸಿದ್ದಷ್ಟೇ ಆಗಿದ್ದರೆ ಜನ ಅಷ್ಟು ಬೆರಗಾಗುತ್ತಿರಲಿಲ್ಲ. ಅಲ್ಲೇ ಕೂತು ಮನೋಧರ್ಮದಿಂದ ಬೆಳೆಸಿ ನುಡಿಸಿದ. ಆರ್ಗನ್ ಅಂದರೆ ಚರ್ಚ್‌ನ ಗೋಡೆಗೆ ಒರಗಿ ನಿಂತ ನೂರಾರು ಕೊಳವೆಗಳ ವಾದ್ಯ. ಎರಡು ಕೈಯ ಜೊತೆ ಎರಡು ಕಾಲೂ ಕೆಲಸ ಮಾಡಬೇಕು. ಹನ್ನೊಂದರ ಹುಡುಗನ ಕಾಲಿಗೆ ಕೆಳಗಿನ ಪೆಡಲ್ ಎಟುಕುವುದೇ ಕಷ್ಟ, ಅಲ್ವಾ?

ಮೂರು ವರ್ಷದ ಮೇಲೆ, 1908ರಲ್ಲಿ, ಗಾಯಕವೃಂದ ಮತ್ತು ಆರ್ಕೆಸ್ಟ್ರಾಕ್ಕೆ ಬರೆದ ‘ಮ್ಯೂಸೇ ಟ್ರಯಂಫಾಂಟೆಸ್’ ಅನ್ನುವ ಅವನ ಕೃತಿ ಕೋಪನ್‌ಹೇಗನ್‌ನಲ್ಲಿ ವೇದಿಕೆ ಏರಿತು. ಪತ್ರಿಕೆಗಳ ವಿಮರ್ಶಕರಿಗೆ ಹಿಡಿಸಲಿಲ್ಲ. 14 ವರ್ಷದ ಹುಡುಗನಿಗೆ ತನ್ನ ಊರಿನಿಂದ ಸಿಕ್ಕ ಮೊದಲ ದೊಡ್ಡ ಉತ್ತರ ಅದು. ಇದನ್ನು ನೆನಪಿಟ್ಟುಕೊಳ್ಳಬೇಕು. ಕೋಪನ್‌ಹೇಗನ್ ಜೊತೆ ಅವರ ಸಂಬಂಧ ಕೆಟ್ಟದ್ದು ದೊಡ್ಡವರಾದ ಮೇಲೆ ಅಂತ ಹಲವರು ಹೇಳುತ್ತಾರೆ. ನನಗೆ ಕಾಣುವಂತೆ ಬಿರುಕು ಬಿಟ್ಟದ್ದು ಇಲ್ಲೇ.

ಬರ್ಲಿನ್‌ನ ಒಂದು ರಾತ್ರಿ

ಲಾಂಗೋರ್ ಕುಟುಂಬ ಬೇಸಿಗೆಗೆ ಸ್ವೀಡನ್‌ನ ದಕ್ಷಿಣ ತುದಿಯ ಕಡೆ ಹೋಗುತ್ತಿತ್ತು. ಅಲ್ಲಿ ಕುಲ್ಲಾಬೆರ್ಗ್ ಅನ್ನುವ ಬಂಡೆಗುಡ್ಡ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಡೆನ್ಮಾರ್ಕ್ ಬಹುಪಾಲು ಸಪಾಟು ನೆಲ. ಅಲ್ಲಿಂದ ಬಂದ ಹುಡುಗನಿಗೆ ಆ ಬಂಡೆಗಳು, ಕೆಳಗೆ ಅಪ್ಪಳಿಸುವ ಅಲೆಗಳು ತಲೆಯೊಳಗೆ ಕೂತುಬಿಟ್ಟವು. 14ನೇ ವಯಸ್ಸಿನಲ್ಲಿ ಮೊದಲ ಸಿಂಫನಿ ಬರೆಯಲು ಕೂತ. ಮುಗಿಸಿದ್ದು 1911ರಲ್ಲಿ. ಐದು ಭಾಗ, ಹತ್ತಿರ ಹತ್ತಿರ ಒಂದು ಗಂಟೆ. ಅಲೆಗಳಿಂದ ಶುರುವಾಗಿ, ಬೆಟ್ಟದ ಹೂಗಳನ್ನು ದಾಟಿ, ಮೇಲಕ್ಕೆ ಹತ್ತಿ, ಕೊನೆಗೆ ‘ಬದುಕುವ ಧೈರ್ಯ’ ಅನ್ನುವ ಭಾಗದಲ್ಲಿ ನಿಲ್ಲುತ್ತದೆ.

ಕೋಪನ್‌ಹೇಗನ್‌ನಲ್ಲಿ ಅದನ್ನು ನುಡಿಸುವವರು ಸಿಗಲಿಲ್ಲ. ನುಡಿಸಲು ನೂರರ ಆಸುಪಾಸು ವಾದಕರು ಬೇಕು. ತಂದೆತಾಯಿ ಸುಮ್ಮನೆ ಕೂರದೆ ಜರ್ಮನಿಯ ಕಡೆ ತಿರುಗಿದರು. 1913ರ ಏಪ್ರಿಲ್ 10ರಂದು ಬರ್ಲಿನ್ ಫಿಲ್‌ಹಾರ್ಮೋನಿಕ್ ಆ ಸಿಂಫನಿಯನ್ನು ನುಡಿಸಿತು. ನಿರ್ದೇಶನ ಮಾಕ್ಸ್ ಫೀಡ್ಲರ್ ಅವರದು. ಲಾಂಗೋರ್‌ಗೆ ಆಗ 19 ವರ್ಷ. ಯುರೋಪಿನ ಅತಿ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಒಂದು, ಒಂದು ಗಂಟೆಯ ಕೃತಿ, ಮೇಲಾಗಿ ಯಾರಿಗೂ ಗೊತ್ತಿಲ್ಲದ ಡ್ಯಾನಿಶ್ ಹುಡುಗ. ಜನ ಮೆಚ್ಚಿದರು.

ಇಷ್ಟಾದ ಮೇಲೆ ದಾರಿ ಸಲೀಸಾಗಬೇಕಿತ್ತು. ಆದರೆ 1914ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಡೆನ್ಮಾರ್ಕ್ ಯುದ್ಧಕ್ಕೆ ಇಳಿಯಲಿಲ್ಲ. ಆದರೆ ಹುಡುಗನಿಗೆ ತೆರೆದಿದ್ದ ಒಂದೇ ಬಾಗಿಲು ಜರ್ಮನಿಯದು. ಈ ಪ್ರಕರಣದ ಬಗ್ಗೆ ಮಾತಾಡುವವರು ಡ್ಯಾನಿಶ್ ಸಂಗೀತ ವಲಯದ ಸಣ್ಣತನವನ್ನು ಮುಂದಿಡುತ್ತಾರೆ. ಅದೂ ನಿಜವೇ. ಆದರೆ ಆ ಒಂದು ವರ್ಷದ ಹೊಡೆತವನ್ನು ನಾನು ಅದಕ್ಕಿಂತ ಕಡಿಮೆ ಅಂತ ಎಣಿಸುವುದಿಲ್ಲ. ಮಗನ ಪರವಾಗಿ ಓಡಾಡುತ್ತಿದ್ದ ತಂದೆ ಇಲ್ಲವಾದರು, ಓಡಾಡಿ ಹೋಗಬೇಕಾದ ಊರೂ ಯುದ್ಧದಲ್ಲಿ ಮುಳುಗಿತು.

ಪಿಯಾನೊ ಒಳಗೆ ಕೈ

ಯುದ್ಧದ ಆ ವರ್ಷಗಳಲ್ಲೇ ಲಾಂಗೋರ್ ತಮ್ಮ ಅತ್ಯಂತ ಹೊಸ ಬಗೆಯ ಸಂಗೀತ ಬರೆದರು. 1916ರಲ್ಲಿ ನಾಲ್ಕನೇ ಸಿಂಫನಿ, ಹೆಸರು ‘ಎಲೆ ಉದುರುವಿಕೆ’. ಸುಮಾರು 25 ನಿಮಿಷ, ಎಲ್ಲೂ ನಿಲ್ಲದೆ ಒಂದೇ ಉಸಿರಿಗೆ ಹೋಗುತ್ತದೆ. ಶರತ್ಕಾಲದ ಗಾಳಿ, ಗುಡುಗು, ಭಾನುವಾರದ ಬೆಳಗಿನ ಚರ್ಚ್ ಗಂಟೆ ಎಲ್ಲವೂ ಅದರಲ್ಲಿದೆ.

1917ರಲ್ಲಿ ಪಿಯಾನೊಗೆ ‘ಇನ್ಸೆಕ್ಟಾರಿಯುಮ್’ ಬರೆದರು. ಒಂಬತ್ತು ಪುಟ್ಟ ತುಣುಕು, ಒಂದೊಂದೂ ಒಂದು ಹುಳದ ಬಗ್ಗೆ. ಮಿಡತೆ, ಏರೋಪ್ಲೇನ್ ಚಿಟ್ಟೆ, ನೊಣ, ಸಾವಿರ ಕಾಲಿನ ಹುಳ, ಸೊಳ್ಳೆ. ಮರ ಕೊರೆಯುವ ಒಂದು ಹುಳವೂ ಇದೆ. ಹಳೆ ಮನೆಗಳ ತೊಲೆಯೊಳಗೆ ರಾತ್ರಿ ಹೊತ್ತು ಅದು ಟಕ್ ಟಕ್ ಅನ್ನುತ್ತದೆ. ಆ ಸದ್ದು ಕೇಳಿದರೆ ಮನೆಯಲ್ಲಿ ಸಾವು ಅಂತ ಅಲ್ಲಿನ ಹಳಬರ ನಂಬಿಕೆ. ಈ ತುಣುಕುಗಳಲ್ಲಿ ಪಿಯಾನೊ ವಾದಕ ಬರೀ ಮಣೆಗಳನ್ನು ಒತ್ತಿದರೆ ಸಾಲದು. ವಾದ್ಯದ ಮರವನ್ನು ಬೆರಳಿನಿಂದ ತಟ್ಟಬೇಕು, ಒಳಗಿನ ತಂತಿಗೂ ಕೈ ಹಾಕಬೇಕು. 1917ರಲ್ಲಿ ಪಿಯಾನೊ ಜೊತೆ ಹೀಗೆ ನಡೆದುಕೊಂಡವರು ಬೆರಳೆಣಿಕೆಯಷ್ಟೂ ಇರಲಿಲ್ಲ.

ಅದೇ ಹೊತ್ತಿಗೆ ‘ಆಕಾಶಗೋಳಗಳ ಸಂಗೀತ’ ಕೂಡ ರೂಪ ಪಡೆಯುತ್ತಿತ್ತು. 1916ರಿಂದ 1918ರವರೆಗೆ ಬರೆದರು. ದೊಡ್ಡ ಆರ್ಕೆಸ್ಟ್ರಾ, ಗಾಯಕವೃಂದ, ಆರ್ಗನ್, ಸಾಲು ಸಾಲು ಟಿಂಪನಿ, ಅಂದರೆ ನಮ್ಮ ನಗಾರಿಯಂಥ ದೊಡ್ಡ ಡೊಳ್ಳುಗಳು. ಇದು ಸಾಲದು ಅಂತ ಇನ್ನೊಂದು ಪುಟ್ಟ ಆರ್ಕೆಸ್ಟ್ರಾ ದೂರದಲ್ಲಿ ಕೂರಬೇಕು, ಒಬ್ಬ ಗಾಯಕಿಯ ಜೊತೆ. ಹತ್ತಿರದ ಸದ್ದು, ದೂರದ ಸದ್ದು ಎರಡೂ ಒಂದೇ ಸಭಾಂಗಣದಲ್ಲಿ ಕೇಳಬೇಕು ಅನ್ನುವುದು ಲೆಕ್ಕ. ಒಬ್ಬರಂತೂ ಪಿಯಾನೊ ಒಳಗಿನ ತಂತಿಗಳ ಮೇಲೆ ನೇರವಾಗಿ ಕೈ ಎಳೆಯಬೇಕು.

ಕೃತಿ ಹೇಗೆ ಶುರುವಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಮೊದಲು ಏನೂ ಇಲ್ಲ ಅನ್ನಿಸುತ್ತದೆ. ಪಿಟೀಲುಗಳು ತುಂಬಾ ಎತ್ತರದ ಸ್ಥಾಯಿಯಲ್ಲಿ, ತೀರಾ ಮೆಲ್ಲಗೆ, ನಡುಗುವ ಕಮಾನಿನಲ್ಲಿ ಒಂದು ತೆಳು ಪರದೆಯನ್ನು ಎಳೆಯುತ್ತವೆ. ಗುನುಗಿಕೊಳ್ಳಲು ಒಂದು ಸಾಲೂ ಸಿಗುವುದಿಲ್ಲ. ತಾಳ ಹಾಕಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ. ಆ ಪರದೆ ನಿಂತಲ್ಲೇ ನಿಂತು ಬಣ್ಣ ಬದಲಿಸುತ್ತಾ ಇರುತ್ತದೆ, ಸಂಜೆ ಕೆರೆಯ ನೀರು ಬದಲಾದ ಹಾಗೆ. ಕೆಳಗೆ ಎಲ್ಲೋ ಟಿಂಪನಿಯ ಗುಡುಗು ಒಂದು ಸಲ ಬಂದು ಹೋಗುತ್ತದೆ. ಸಂಗೀತ ಅಂದರೆ ಒಂದು ರಾಗಭಾವ ಹುಟ್ಟಿ ಬೆಳೆಯುವುದು ಅಂದುಕೊಂಡ ಕಿವಿಗೆ ಇದು ವಿಚಿತ್ರ. ಇಲ್ಲಿ ಬೆಳೆಯುವುದಿಲ್ಲ, ಇರುತ್ತದೆ.

ಹದಿನೈದು ಪುಟ್ಟ ಭಾಗಗಳಿವೆ, ಎಲ್ಲಕ್ಕೂ ಹೆಸರಿದೆ. ಮೊದಲನೆಯದು ‘ಸುವಾಸನೆಯ ಹೂ ಹೊದೆಸಿದ ಶವಪೆಟ್ಟಿಗೆಯ ಮೇಲೆ ಬಿದ್ದ ಬಿಸಿಲಿನ ಹಾಗೆ’. ಇನ್ನೊಂದು ‘ಚೆಂದದ ಬೇಸಿಗೆ ಬೆಳಗ್ಗೆ ಬಿಸಿಲಿಗೆ ಮಿನುಗುವ ಇಬ್ಬನಿಯ ಹಾಗೆ’. ಮತ್ತೊಂದು ‘ಹೂಗಳು ಬಾಡುತ್ತವೆ’. ಕೊನೆಯದು ‘ಅಂತ್ಯ: ಕ್ರಿಸ್ತವಿರೋಧಿ, ಕ್ರಿಸ್ತ’. ವಿಷಯ, ಕಟ್ಟಡ, ಕ್ರಮ ಅಂತ ಸಂಗೀತದಲ್ಲಿ ಏನನ್ನು ಕರೆಯುತ್ತಾರೋ ಅದನ್ನೆಲ್ಲ ಈ ಕೃತಿಯಲ್ಲಿ ಪೂರ್ತಿ ಬಿಟ್ಟಿದ್ದೇನೆ ಅನ್ನುವ ಅರ್ಥದಲ್ಲಿ ಲಾಂಗೋರ್ ಅವರೇ ಹೇಳಿಕೊಂಡಿದ್ದಾರೆ. ಹಾಗಾಗಿ ಇದು ಅರಿಯದೆ ಆದ ಎಡವಟ್ಟಲ್ಲ, ಗೊತ್ತಿದ್ದೇ ಹಿಡಿದ ದಾರಿ.

1921ರ ನವೆಂಬರ್ 26ರಂದು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಮೊದಲ ಸಲ ನುಡಿಸಿದರು. ಮರುವರ್ಷ ಬರ್ಲಿನ್. ಅಲ್ಲಿಗೆ ಮುಗಿಯಿತು. ಕೋಪನ್‌ಹೇಗನ್‌ನಲ್ಲಿ ಲಾಂಗೋರ್ ಬದುಕಿರುವ ತನಕ ಒಂದು ಸಲವೂ ನುಡಿಸಲಿಲ್ಲ.

ಬಾಗಿಲು ಮುಚ್ಚಿದ್ದು ಹೇಗೆ

ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು. ಕಥೆ ಬರೆದವನ ಹಸ್ತಪ್ರತಿಯನ್ನು ಸ್ನೇಹಿತನೊಬ್ಬ ಓದಿದರೂ ಕಥೆ ಬದುಕುತ್ತದೆ. ಒಬ್ಬ ಹಾಡುಗಾರ ತಂಬೂರಿ ಹಿಡಿದು ಕೂತರೆ ಹಾಡು ಹುಟ್ಟುತ್ತದೆ. ಆರ್ಕೆಸ್ಟ್ರಾಕ್ಕೆ ಬರೆದ ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸ್ವರ ಬರೆದಿಟ್ಟ ಪ್ರತಿ, ಹಾಗಲ್ಲ. ನೂರು ಜನ ವಾದಕರು, ಅವರಿಗೆ ಸಂಬಳ, ಅಭ್ಯಾಸಕ್ಕೆ ದಿನಗಳು, ಸಭಾಂಗಣ, ನಿರ್ದೇಶಕ, ಇಷ್ಟೂ ಕೂಡಿಬರಬೇಕು. ಇಲ್ಲದಿದ್ದರೆ ಅದು ಬರೀ ಕಾಗದ. ಬರೆದವರೂ ಅದನ್ನು ತಲೆಯೊಳಗೆ ಮಾತ್ರ ಕೇಳಬಲ್ಲರು.

ಆಗಿನ ಡೆನ್ಮಾರ್ಕ್ ಸುಮಾರು 30 ಲಕ್ಷ ಜನರ ದೇಶ. ಇಷ್ಟು ದೊಡ್ಡ ಕೃತಿಯನ್ನು ಹೊರುವ ಜಾಗಗಳು ಕೈಬೆರಳಲ್ಲಿ ಎಣಿಸುವಷ್ಟು. ಕೋಪನ್‌ಹೇಗನ್‌ನ ಸಂಗೀತ ಸಂಘ, ರಾಯಲ್ ಥಿಯೇಟರ್, ಟಿವೊಲಿ ಉದ್ಯಾನದ ಆರ್ಕೆಸ್ಟ್ರಾ, ಆಮೇಲೆ 1925ರಿಂದ ರೇಡಿಯೊ. ಸಂಗೀತ ಸಂಘದ ಆರ್ಕೆಸ್ಟ್ರಾವನ್ನು 1915ರಿಂದ 1927ರವರೆಗೆ ನಿರ್ದೇಶಿಸಿದವರು ಕಾರ್ಲ್ ನೀಲ್ಸನ್. ನೀಲ್ಸನ್ ದೊಡ್ಡ ಸಂಗೀತಗಾರ, ಅದರಲ್ಲಿ ಎರಡು ಮಾತಿಲ್ಲ. ಅವರ ನಾಲ್ಕನೇ ಸಿಂಫನಿ ನನಗೆ ಪ್ರಾಣ. ಆದರೆ ಅವರ ಸುತ್ತ ಬೆಳೆದ ರುಚಿ ಒಂದೇ ಬಗೆಯದು. ಉದ್ಗಾರ ಬೇಡ, ಕಣ್ಣೀರು ಬೇಡ, ಗಟ್ಟಿಯಾದ, ತೊಳೆದಿಟ್ಟ ಹಾಗಿನ ಸಂಗೀತ ಬೇಕು. ಲಾಂಗೋರ್ ಬರೆದದ್ದು ಪೂರ್ತಿ ಉಲ್ಟಾ. ಅವರದು ತುಂಬಿ ಹರಿಯುವ ಭಾವ, ದೇವದೂತರು, ಪ್ರಳಯ, ಶವಪೆಟ್ಟಿಗೆಯ ಹೂವು.

ಚರ್ಚ್ ಸಂಗೀತದಲ್ಲೂ ಇದೇ ಕಥೆ. ಥಾಮಸ್ ಲಾಉಬ್ ಅನ್ನುವವರು ಪ್ರಾರ್ಥನೆ ಹಾಡುಗಳನ್ನು ಹಳೆ ಕಾಲದ ಸರಳತೆಗೆ ವಾಪಸ್ ತರಬೇಕು ಅಂತ ಸುಧಾರಣೆ ಶುರುಮಾಡಿದ್ದರು. 19ನೇ ಶತಮಾನದ ಸಿಹಿ ಸಿಹಿ ಮಟ್ಟುಗಳನ್ನು ಅವರು ಒಪ್ಪುತ್ತಿರಲಿಲ್ಲ. ಆ ಸಿಹಿ ಮಟ್ಟುಗಳೇ ಲಾಂಗೋರ್‌ಗೆ ಪ್ರಾಣವಾಯು. ಹೊಟ್ಟೆಪಾಡಿಗೆ ಅವರಿಗಿದ್ದ ದಾರಿ ಆರ್ಗನ್ ನುಡಿಸುವ ಕೆಲಸ ಒಂದೇ. ಚರ್ಚ್‌ಗಳಿಗೆ ಅರ್ಜಿ ಮೇಲೆ ಅರ್ಜಿ ಹಾಕಿದರು. ವರ್ಷ ವರ್ಷ ಹಾಕಿದರು. ಎಲ್ಲ ಕಡೆಯಿಂದ ಇಲ್ಲ ಅನ್ನುವ ಉತ್ತರ. 11ನೇ ವಯಸ್ಸಿಗೆ ಆರ್ಗನ್ ಮುಂದೆ ಕೂತು ಊರನ್ನು ಬೆರಗುಗೊಳಿಸಿದವರಿಗೆ 46 ವರ್ಷ ತುಂಬುವ ತನಕ ಒಂದು ಕಾಯಂ ಕೆಲಸ ಸಿಗಲಿಲ್ಲ. 30ನೇ ವಯಸ್ಸಿನಿಂದ ಸರ್ಕಾರದ ಸಹಾಯಧನ ಬರುತ್ತಿತ್ತು. ಅನ್ನಕ್ಕೆ ಅಷ್ಟು ಆಸರೆಯಾಯಿತು, ಆರ್ಕೆಸ್ಟ್ರಾ ಮಾತ್ರ ಸಿಗಲಿಲ್ಲ.

1923ರಲ್ಲಿ ‘ಆಂಟಿಕ್ರಿಸ್ಟ್’ (ಕ್ರಿಸ್ತವಿರೋಧಿ) ಅನ್ನುವ ಒಪೆರಾ ಮುಗಿಸಿ ರಾಯಲ್ ಥಿಯೇಟರ್‌ಗೆ ಕೊಟ್ಟರು. ವಾಪಸ್ ಬಂತು. 1926ರಿಂದ 1930ರವರೆಗೆ ಕೂತು ಮತ್ತೆ ತಿದ್ದಿ ಬರೆದರು. ಅದಕ್ಕೂ ಒಪ್ಪಿಗೆ ಸಿಗಲಿಲ್ಲ. ಅದರಲ್ಲಿ ಎಲ್ಲರಿಗೂ ತಿಳಿಯುವ ಕಥೆ ಇಲ್ಲ, ಪಾತ್ರಗಳ ನಡುವೆ ನಾಟಕವಿಲ್ಲ. ಲೋಕದ ಕೊನೆಯ ಬಗ್ಗೆ ಒಂದರ ಹಿಂದೆ ಒಂದು ದರ್ಶನಗಳು ಬರುತ್ತವೆ, ಅಷ್ಟೇ. ಆಗಿನ ಥಿಯೇಟರಿನವರಿಗೆ ಅದನ್ನು ಏನು ಮಾಡಬೇಕು ಅಂತ ತೋಚದಿದ್ದದ್ದು ಅರ್ಥವಾಗುತ್ತದೆ. ಆದರೆ ಆ ಸಂಗೀತ ಕೇಳಿದ ಮೇಲೆ, ಒಮ್ಮೆ ನುಡಿಸಿಯಾದರೂ ನೋಡಬಹುದಿತ್ತು ಅಂತ ಹೊಟ್ಟೆ ಉರಿಯುತ್ತದೆ.

ಲಾಂಗೋರ್ ಅವರ ಕಡೆಯಿಂದಲೂ ಕೆಲವು ಕಾರಣಗಳಿವೆ. ಅವನ್ನು ಮುಚ್ಚಿಟ್ಟರೆ ಪ್ರಕರಣ ಅರ್ಧವಾಗುತ್ತದೆ. 1925ರ ಸುಮಾರಿಗೆ ಅವರು ಇದ್ದಕ್ಕಿದ್ದ ಹಾಗೆ ಹಿಂದಕ್ಕೆ ತಿರುಗಿದರು. ಹೊಸ ಬಗೆಯ ಪ್ರಯೋಗಗಳನ್ನು ಬಿಟ್ಟು, ಹಿಂದಿನ ಶತಮಾನದ ಡ್ಯಾನಿಶ್ ಸಂಗೀತ ರಚನೆಕಾರ ನೀಲ್ಸ್ ಗಾಡೆ ಅವರ ಕಾಲದ ಸಂಗೀತದ ಹಾಗೆ ಬರೆಯತೊಡಗಿದರು. ಮುಂದಿದ್ದವರಿಗೆ ಅವರು ಹಳಬರಾದರು, ಹಳಬರಿಗೆ ಮೊದಲೇ ಅರ್ಥವಾಗದವರು. ಎರಡೂ ಕಡೆ ಸಲ್ಲಲಿಲ್ಲ. ಜೊತೆಗೆ ರಾಜಿ ಅನ್ನುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಎದುರಿಗಿದ್ದವರ ಅಭಿರುಚಿ ತಪ್ಪು ಅಂತ ಬಾಯಿಬಿಟ್ಟು ಹೇಳುತ್ತಿದ್ದರು. ಮನೆಯಲ್ಲೇ ಪಾಠ, ತಂದೆತಾಯಿಯೇ ಗುರುಗಳು, ತಂದೆತಾಯಿಯೇ ಓಡಾಟದವರು. ಜೊತೆಗಾರರ ನಡುವೆ ಬೆಳೆದಿದ್ದರೆ ನಾಲ್ಕು ಗೆಳೆಯರಾದರೂ ಇರುತ್ತಿದ್ದರು. ಒಂದು ಸ್ಕೋರ್ ವೇದಿಕೆಗೆ ಬರಲು ಎಷ್ಟೋ ಸಲ ಒಬ್ಬ ಗೆಳೆಯನ ಮಾತು ಸಾಕು. ಲಾಂಗೋರ್‌ಗೆ ಆ ಗೆಳೆಯ ಇರಲಿಲ್ಲ. ತಾಯಿ 1926ರಲ್ಲಿ ತೀರಿಕೊಂಡರು. ಮರುವರ್ಷ ಕಾನ್‌ಸ್ಟಾನ್ಸ್ ಅವರನ್ನು ಮದುವೆಯಾದರು. ಮುಂದಿನ 25 ವರ್ಷ ಅವರ ಜೊತೆಗಿದ್ದವರು ಹೆಂಡತಿಯೇ.

ರಿಬೆಯಲ್ಲಿ 12 ವರ್ಷ

1940ರಲ್ಲಿ ಕೊನೆಗೂ ಕೆಲಸ ಸಿಕ್ಕಿತು. ರಿಬೆಯ ಕೆಥೆಡ್ರಲ್‌ನಲ್ಲಿ, ಅಂದರೆ ಅಲ್ಲಿನ ದೊಡ್ಡ ಚರ್ಚ್‌ನಲ್ಲಿ, ಆರ್ಗನ್ ವಾದಕರ ಹುದ್ದೆ. ರಿಬೆ ಡೆನ್ಮಾರ್ಕ್‌ನ ಅತ್ಯಂತ ಹಳೆಯ ಊರು, ಪಶ್ಚಿಮ ತೀರದ ಹತ್ತಿರ, ಕೋಪನ್‌ಹೇಗನ್‌ನಿಂದ ದೇಶದ ಇನ್ನೊಂದು ತುದಿ. ಅದೇ ವರ್ಷ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ಡೆನ್ಮಾರ್ಕ್ ಅನ್ನು ಆಕ್ರಮಿಸಿತ್ತು.

ರಿಬೆ ಕೆಥೆಡ್ರಲ್‌ನ ಗಂಟೆಗಳು ಮಧ್ಯಾಹ್ನ ದಾಗ್ಮಾರ್ ರಾಣಿಯ ಲಾವಣಿಯನ್ನು ನುಡಿಸುತ್ತವೆ. ಮಧ್ಯಯುಗದ ರಾಣಿ, ಊರಿನ ಜನರ ಅಚ್ಚುಮೆಚ್ಚು. ರಾಣಿ ರಿಬೆಯಲ್ಲಿ ಕಾಯಿಲೆ ಮಲಗಿದ್ದಾಳೆ ಅಂತ ಆ ಹಾಡು ಶುರುವಾಗುತ್ತದೆ. 1942ರಲ್ಲಿ ಲಾಂಗೋರ್ ಒಂಬತ್ತನೇ ಸಿಂಫನಿ ಬರೆದು ‘ದಾಗ್ಮಾರ್ ರಾಣಿಯ ಊರಿನಿಂದ’ ಅಂತ ಹೆಸರಿಟ್ಟರು. ಹೊಸ ಊರಿಗೆ ಕೊಟ್ಟ ಉಡುಗೊರೆ ಅದು ಅಂತ ನನಗೆ ಅನ್ನಿಸುತ್ತದೆ. ಇಲ್ಲಿ ತನ್ನನ್ನು ಸೇರಿಸಿಕೊಳ್ಳಲಿ ಅನ್ನುವ ಆಸೆ ಅದರೊಳಗೆ ಕೇಳಿಸುತ್ತದೆ.

ಆಮೇಲೆ ಬರೆದದ್ದರಲ್ಲಿ ನೋವು ಜಾಸ್ತಿಯಾಗುತ್ತಾ ಹೋಯಿತು. ಸಿಂಫನಿಗಳು ಚಿಕ್ಕವಾದವು. ಹನ್ನೊಂದನೆಯದು ಆರು ನಿಮಿಷವಷ್ಟೇ. ಒಂದೇ ಮಟ್ಟು ತಿರುಗಿ ತಿರುಗಿ ಬರುತ್ತದೆ, ಜೊತೆಗೆ ಟ್ಯೂಬಾ ಅನ್ನುವ ದಪ್ಪ ದನಿಯ ಹಿತ್ತಾಳೆ ವಾದ್ಯ, ಹೆಚ್ಚುವರಿಯಾಗಿ ನಾಲ್ಕು. ಹನ್ನೆರಡನೆಯದು ಏಳು ನಿಮಿಷದ ಆಸುಪಾಸು. ಮೊದಲ ಸಿಂಫನಿಯ ಒಂದು ಗಂಟೆಯನ್ನು ಅದರಲ್ಲಿ ಹಿಂಡಿ ಇಟ್ಟಿದ್ದಾರೆ. ಅದರ ಕೊನೆಯಲ್ಲಿ, ವಾದಕರಿಗೆ ಸೂಚನೆ ಬರೆಯುವ ಜಾಗದಲ್ಲಿ, ಒಬ್ಬ ಸಂಗೀತಗಾರ ಸಿಡಿದುಹೋಗುತ್ತಿದ್ದಾನೆ ಅನ್ನುವ ಅರ್ಥದ ಮಾತು ಬರೆದಿದ್ದಾರೆ. ಮೆಲ್ಲಗೆ, ಜೋರಾಗಿ, ಬೇಗ ಅಂತೆಲ್ಲ ಬರೆಯುವ ಆ ಜಾಗದಲ್ಲಿ ಇದನ್ನು ಓದಿದರೆ ಗಂಟಲು ಕಟ್ಟುತ್ತದೆ.

1948ರಲ್ಲಿ ಬರೆದ ಇನ್ನೊಂದು ಪುಟ್ಟ ಕೃತಿ ಇದೆ. ನೀಲ್ಸನ್ ತೀರಿಕೊಂಡು ಆಗ 17 ವರ್ಷ. ಗಾಯಕವೃಂದ ಹಾಡುವುದು ಒಂದೇ ಮಾತು: ‘ಕಾರ್ಲ್ ನೀಲ್ಸನ್, ನಮ್ಮ ಮಹಾನ್ ಸಂಗೀತಗಾರ’. ಒಟ್ಟು 32 ಆವರ್ತದಷ್ಟು ಸಂಗೀತ. ಅದನ್ನು ಕೊನೆಯೇ ಇಲ್ಲದೆ, ಕಾಲ ಇರುವ ತನಕ, ಮತ್ತೆ ಮತ್ತೆ ಹಾಡಬೇಕು ಅಂತ ಸೂಚನೆ. ಇದನ್ನು ಕುಚೋದ್ಯ ಅಂತ ಹಲವರು ಓದುತ್ತಾರೆ. ನನಗೆ ಅದು 30 ವರ್ಷ ಒಂದೇ ಹೆಸರು ಕೇಳಿ ಕೇಳಿ ದಣಿದ ಮನುಷ್ಯನ ಅಳಲು.

1952ರ ಜುಲೈ 10ರಂದು ಲಾಂಗೋರ್ ರಿಬೆಯಲ್ಲಿ ತೀರಿಕೊಂಡರು. 59 ತುಂಬಲು 18 ದಿನ ಬಾಕಿ ಇತ್ತು. ‘ಆಂಟಿಕ್ರಿಸ್ಟ್’ ಅನ್ನು ಅವರು ಒಮ್ಮೆಯೂ ರಂಗದ ಮೇಲೆ ನೋಡಲಿಲ್ಲ. ಕೊನೆಯ, ಅಂದರೆ 16ನೇ ಸಿಂಫನಿಯನ್ನು ಕೇಳಲೂ ಇಲ್ಲ.

ಒಂದು ಸ್ಕೋರ್ ಕೈಯಿಂದ ಕೈಗೆ

ಪೆರ್ ನೋರ್‌ಗೋರ್ ಡೆನ್ಮಾರ್ಕ್‌ನ ಮುಂದಿನ ತಲೆಮಾರಿನ ಸಂಗೀತ ರಚನೆಕಾರರು, 1932ರಲ್ಲಿ ಹುಟ್ಟಿದವರು. ಅವರು ‘ಆಕಾಶಗೋಳಗಳ ಸಂಗೀತ’ದ ಸ್ಕೋರ್ ಓದಿದ್ದರು. ಗ್ಯೋರ್ಗಿ ಲಿಗೆಟಿ ಹಂಗೇರಿಯಿಂದ ಬಂದವರು, ಆ ವರ್ಷಗಳಲ್ಲಿ ಸ್ಟಾಕ್‌ಹೋಮ್‌ಗೆ ಬಂದು ಪಾಠ ಮಾಡುತ್ತಿದ್ದರು. 1961ರಲ್ಲಿ ಅವರು ಬರೆದ ‘ಅಟ್ಮಾಸ್ಫೇರ್ಸ್’ ಯುರೋಪಿನಲ್ಲಿ ಹೊಸ ಸಂಗೀತ ಅಂದರೆ ಏನು ಅನ್ನುವುದನ್ನೇ ಬದಲಿಸಿತ್ತು. ಮಟ್ಟಿಲ್ಲ, ತಾಳವಿಲ್ಲ, ಮೋಡದಂತೆ ನಿಂತು ಮೆಲ್ಲಗೆ ಬದಲಾಗುವ ನಾದ. ಇಂಥದ್ದನ್ನು ತನಗಿಂತ ಮೊದಲು ಯಾರೂ ಮಾಡಿಲ್ಲ ಅಂತ ಲಿಗೆಟಿ ನಂಬಿದ್ದರೆ ತಪ್ಪೇನೂ ಇರಲಿಲ್ಲ.

1968ರಲ್ಲಿ ಇಬ್ಬರೂ ಸ್ಟಾಕ್‌ಹೋಮ್‌ನಲ್ಲಿ ಹೊಸ ಕೃತಿಗಳನ್ನು ಆರಿಸುವ ಒಂದೇ ತೀರ್ಪುಗಾರರ ಮಂಡಳಿಯಲ್ಲಿದ್ದರು. ಮೇಜಿನ ಮೇಲೆ ನಾರ್ಡಿಕ್ ದೇಶಗಳ ಸ್ಕೋರ್‌ಗಳ ರಾಶಿ. ನೋರ್‌ಗೋರ್ ಆ ರಾಶಿಯೊಳಗೆ ಯಾರಿಗೂ ಹೇಳದೆ ಲಾಂಗೋರ್ ಸ್ಕೋರ್ ಒಂದನ್ನು ಸೇರಿಸಿಟ್ಟರು. 50 ವರ್ಷ ಹಳೆಯ ಕೃತಿ, ಹೊಸ ಕೃತಿಗಳ ನಡುವೆ. ಲಿಗೆಟಿ ಅದನ್ನು ಎತ್ತಿಕೊಂಡು ತಿರುವಿ ಹಾಕುತ್ತಾ ಹೋದವರು ಬೆರಗಾದರು. ತಾನು ಲಾಂಗೋರ್ ಹಿಂದೆ ನಡೆದವನು, ಅದು ಇವತ್ತು ಗೊತ್ತಾಯಿತು ಅನ್ನುವ ಅರ್ಥದಲ್ಲಿ ಹೇಳಿದರು. ಅವರ ಆ ಮಾತು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೂಪದಲ್ಲಿ ಉಳಿದುಕೊಂಡಿದೆ. ಅರ್ಥ ಮಾತ್ರ ಒಂದೇ. ಅದೇ ವರ್ಷ ಸ್ಟಾಕ್‌ಹೋಮ್‌ನಲ್ಲಿ ಕೃತಿಯನ್ನು ನುಡಿಸಿದರು.

ಇಡೀ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ನೋರ್‌ಗೋರ್ ಅವರ ಆ ಕೈ. ಲೇಖನ ಬರೆದು ವಾದ ಮಾಡಬಹುದಿತ್ತು. ಭಾಷಣ ಮಾಡಬಹುದಿತ್ತು. ಸುಮ್ನೆ ಸ್ಕೋರ್ ಅನ್ನು ಓದಬಲ್ಲವರ ಮುಂದೆ ಇಟ್ಟರು. ಹೆಸರು, ವರ್ಷ, ಹಳೆ ಜಗಳ ಯಾವುದೂ ಅಡ್ಡ ಬರದೆ ಕಣ್ಣು ನೇರವಾಗಿ ಸ್ವರಗಳ ಮೇಲೆ ಬಿತ್ತು. 1920ರ ದಶಕದ ಕೋಪನ್‌ಹೇಗನ್‌ನಲ್ಲಿ ಆಗದೆ ಹೋದದ್ದು ಇದೇ. ಅಲ್ಲಿ ಎಲ್ಲರಿಗೂ ಮೊದಲು ಕಂಡದ್ದು ಲಾಂಗೋರ್ ಅನ್ನುವ ಮನುಷ್ಯ, ಸ್ಕೋರ್ ಆಮೇಲೆ.

ಒಂದು ಎಚ್ಚರಿಕೆಯ ಮಾತು. ಲಾಂಗೋರ್ ಅವರನ್ನು ಲಿಗೆಟಿಗಿಂತ 43 ವರ್ಷ ಮೊದಲೇ ಬರೆದವರು ಅಂತ ಪರಿಚಯಿಸುವುದು ಈಗ ರೂಢಿ. ಲೆಕ್ಕ ಸರಿ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಲಾಂಗೋರ್ ಮತ್ತೆ ಇನ್ನೊಬ್ಬರ ನೆರಳಲ್ಲಿ ನಿಂತ ಹಾಗಾಗುತ್ತದೆ. ಲಿಗೆಟಿ ಅವರ ನಾದದ ಮೋಡದಲ್ಲಿ ದೇವರಿಲ್ಲ, ಹೂವಿಲ್ಲ. ಲಾಂಗೋರ್ ಅವರದು ಪೂರ್ತಿ ಪ್ರಾರ್ಥನೆ. ಆ ನಡುಗುವ ಪಿಟೀಲುಗಳ ನಡುವೆ ಇದ್ದಕ್ಕಿದ್ದ ಹಾಗೆ ಚರ್ಚ್ ಹಾಡಿನಂಥ ಸಿಹಿ ಮಟ್ಟೊಂದು ಬರುತ್ತದೆ, ನಿಂತು ಹೋಗುತ್ತದೆ. ಹೊಸತು ಮಾಡಬೇಕು ಅನ್ನುವ ಹಟಕ್ಕೆ ಬರೆದದ್ದಾಗಿದ್ದರೆ ಆ ಮಟ್ಟು ಅಲ್ಲಿರುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಆಚೆ ಲೋಕ. ಅಲ್ಲಿಗೆ ಹೋಗಲು ಯಾವ ಸದ್ದು ಬೇಕೋ ಅದನ್ನು ತಂದುಕೊಂಡರು, ಅಷ್ಟೇ.

ಆಮೇಲೆ

ಬಾಗಿಲು ಒಮ್ಮೆಲೇ ತೆರೆಯಲಿಲ್ಲ. ಬೆಂಟ್ ವೀನ್‌ಹೋಲ್ಟ್ ನೀಲ್ಸನ್ ಅನ್ನುವ ಸಂಶೋಧಕರು ವರ್ಷಗಟ್ಟಲೆ ಹಸ್ತಪ್ರತಿಗಳ ಮುಂದೆ ಕೂತರು. ಲಾಂಗೋರ್ ಒಂದೇ ಕೃತಿಯನ್ನು ಹಲವು ಸಲ ತಿದ್ದುತ್ತಿದ್ದರು, ಹೆಸರು ಬದಲಿಸುತ್ತಿದ್ದರು. ಯಾವುದು ಮೊದಲು, ಯಾವುದು ಕೊನೆ ಅಂತ ಬಿಡಿಸುವುದೇ ಒಂದು ಜನ್ಮದ ಕೆಲಸ. 1991ರಲ್ಲಿ ಕೃತಿಗಳ ಪೂರ್ತಿ ಪಟ್ಟಿ ಪ್ರಕಟವಾಯಿತು. ಇವತ್ತು ಲಾಂಗೋರ್ ಕೃತಿಗಳಿಗೆ ಇರುವ ‘ಬಿವಿಎನ್’ ಸಂಖ್ಯೆ ಅವರ ಹೆಸರಿನದೇ. ಆಮೇಲೆ ಥಾಮಸ್ ದೌಸ್‌ಗೋರ್ ಡ್ಯಾನಿಶ್ ರಾಷ್ಟ್ರೀಯ ಸಿಂಫನಿ ಆರ್ಕೆಸ್ಟ್ರಾ ಜೊತೆ 16 ಸಿಂಫನಿಗಳನ್ನೂ ಧ್ವನಿಮುದ್ರಿಸಿದರು.

‘ಆಂಟಿಕ್ರಿಸ್ಟ್’ ಮೊದಲ ಸಲ ರಂಗಕ್ಕೆ ಬಂದದ್ದು 1999ರಲ್ಲಿ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ. 2006ರಲ್ಲಿ ಡೆನ್ಮಾರ್ಕ್ ಸರ್ಕಾರ ದೇಶದ ಸಂಸ್ಕೃತಿಯ ಮುಖ್ಯ ಕೃತಿಗಳ ಪಟ್ಟಿ ಮಾಡಿಸಿದಾಗ ಸಂಗೀತ ವಿಭಾಗದಲ್ಲಿ ಅದೂ ಇತ್ತು. 2010ರಲ್ಲಿ ಲಂಡನ್‌ನ ಪ್ರಾಮ್ಸ್ ಉತ್ಸವದಲ್ಲಿ ‘ಆಕಾಶಗೋಳಗಳ ಸಂಗೀತ’ವನ್ನು ನುಡಿಸಿದರು. ಅದೇ ಸಂಜೆ ಲಿಗೆಟಿ ಅವರ ಕೃತಿಗಳೂ ಇದ್ದವು. ಅದೇ ವರ್ಷ ರಿಬೆಯಲ್ಲಿ ಲಾಂಗೋರ್ ಹೆಸರಿನ ಉತ್ಸವ ಶುರುವಾಯಿತು. 2022ರಲ್ಲಿ ಬರ್ಲಿನ್‌ನ ಡಾಯ್ಚ ಓಪರ್ ‘ಆಂಟಿಕ್ರಿಸ್ಟ್’ ಆಡಿತು. ಅದೇ ವರ್ಷ ಬರ್ಲಿನ್ ಫಿಲ್‌ಹಾರ್ಮೋನಿಕ್, ಸಕಾರಿ ಒರಾಮೊ ನಿರ್ದೇಶನದಲ್ಲಿ, ಮೊದಲ ಸಿಂಫನಿಯನ್ನು ನುಡಿಸಿತು. 1913ರ ಆ ರಾತ್ರಿ ನುಡಿಸಿದ್ದ ಆರ್ಕೆಸ್ಟ್ರಾ, 109 ವರ್ಷದ ಮೇಲೆ. ಧ್ವನಿಮುದ್ರಣ ಸಿಗುತ್ತದೆ. ಕೊನೆ ಭಾಗದಲ್ಲಿ ಹಿತ್ತಾಳೆ ವಾದ್ಯಗಳು ಎದ್ದು ನಿಲ್ಲುವಾಗ ಆ 19ರ ಹುಡುಗ ಬರ್ಲಿನ್‌ನ ಸಭಾಂಗಣದಲ್ಲಿ ಕೂತು ಏನು ಅಂದುಕೊಂಡಿರಬಹುದು ಅಂತ ಪ್ರತಿ ಸಲ ನೆನೆಯುತ್ತೇನೆ.

ಕೇಳಬೇಕು ಅನ್ನಿಸಿದವರು ನಾಲ್ಕನೇ ಸಿಂಫನಿಯಿಂದ ಶುರುಮಾಡಿ. ‘ಇನ್ಸೆಕ್ಟಾರಿಯುಮ್’ ಮಕ್ಕಳ ಜೊತೆ ಕೇಳುವಂಥದ್ದು, ಯಾವ ಹುಳ ಅಂತ ಊಹಿಸುತ್ತಾ. ಆಮೇಲೆ ಒಂದು ರಾತ್ರಿ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಮುಕ್ಕಾಲು ಗಂಟೆ ಬಿಡುವು ಮಾಡಿಕೊಂಡು ‘ಆಕಾಶಗೋಳಗಳ ಸಂಗೀತ’ ಹಾಕಿ. ಫ್ಯಾನ್ ಆರಿಸಿ. ಶುರುವಿನಲ್ಲಿ ಏನೂ ಕೇಳುತ್ತಿಲ್ಲ ಅಂತ ವಾಲ್ಯೂಮ್ ಏರಿಸಬೇಡಿ, ಮುಂದೆ ಟಿಂಪನಿಗಳು ಬರುತ್ತವೆ. ಕೊನೆ ಭಾಗದಲ್ಲಿ ಎಲ್ಲ ಸದ್ದು ಒಟ್ಟಾಗಿ ಎದ್ದು ಅಡಗಿದ ಮೇಲೆ, ಪಿಯಾನೊ ತಂತಿಗಳ ಮೇಲೆ ಒಂದು ಕೈ ಎಳೆದುಕೊಂಡು ಹೋಗುವುದು ಕೇಳಿಸುತ್ತದೆ. ತುಂಬಾ ಮೆಲ್ಲಗೆ ಇರುತ್ತದೆ. ಅದು ಅಷ್ಟೇ ಮೆಲ್ಲಗೆ ಇರಬೇಕು.